ಅರ್ಧ ಗೇಣು ಎತ್ತರ

ಮಂಗಳವಾರ ಮತ್ತು ಶುಕ್ರವಾರ ದೇವಕಿ ಕೋಳಿ ಕೂಗುವ ಮೊದಲೇ ಏಳುತ್ತಿದ್ದಳು. ದನ ಕರೆದು, ಗಂಜಿಗಿಟ್ಟು, ಗಂಡನಿಗೆ ಮೈ ಒರೆಸಿ ಅಂಗಿ ತೊಡಿಸಿ, ಕೊಟ್ಟಿಗೆಯ ಪಕ್ಕ ನಿಲ್ಲಿಸಿದ ಹಳೇ ಅರ್ಮಡಾ ಜೀಪಿನ ಬಾನೆಟ್ ಎತ್ತಿ ನೀರು, ಆಯಿಲ್ ನೋಡಿ ಮುಗಿಸುವ ಹೊತ್ತಿಗೆ ಬೆಳಕು ಹರಿಯುತ್ತಿತ್ತು. ಆಮೇಲೆ ಸಿರಿಮನೆಯಿಂದ ಕಿಗ್ಗ, ಕಿಗ್ಗದಿಂದ ಶೃಂಗೇರಿ, ಅಲ್ಲಿಂದ ಹರಿಹರಪುರದ ಮೇಲೆ ಕೊಪ್ಪ. ಕೊಪ್ಪದ ಆಸ್ಪತ್ರೆಯಲ್ಲಿ ಅವಳ ಗಂಡ ಬೈರಪ್ಪನಿಗೆ ವಾರಕ್ಕೆರಡು ಸಲ ಡಯಾಲಿಸಿಸ್. ಸಕ್ಕರೆ ಕಾಯಿಲೆ ಎರಡೂ ಕಿಡ್ನಿಯನ್ನು ತಿಂದು ಹಾಕಿತ್ತು. ಅರ್ಧ ದಿನ ಅವನು ಒಳಗೆ ಮಂಚದ ಮೇಲೆ, ಇವಳು ಹೊರಗೆ ಬೆಂಚಿನ ಮೇಲೆ. ಸಂಜೆ ಅದೇ ದಾರಿಯಲ್ಲಿ ವಾಪಸು.

ಗಾಡಿ ಬಿಡುವವಳು ದೇವಕಿಯೇ. ಮೇಗುಂದದಲ್ಲಿ ಹುಟ್ಟಿ, ಹತ್ತೊಂಬತ್ತಕ್ಕೆ ಮದುವೆಯಾಗಿ ಸಿರಿಮನೆಗೆ ಬಂದವಳು ಮುಂದೊಂದು ದಿನ ಸ್ಟಿಯರಿಂಗ್ ಹಿಡಿದೇನು ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಆ ಕಾಲಕ್ಕೆ ಗಾಡಿ ಅಂದರೆ ಬೈರಪ್ಪ, ಬೈರಪ್ಪ ಅಂದರೆ ಗಾಡಿ. ತೋಟಗಳಿಗೆ ಆಳುಗಳನ್ನು ಬಿಟ್ಟು ಬರುವುದು, ಅಬ್ಬಿಯ ನೀರು ಧುಮುಕುವುದನ್ನು ನೋಡಲು ಬಂದವರನ್ನು ಕಿಗ್ಗದಿಂದ ಹತ್ತಿಸಿಕೊಂಡು ಬರುವುದು, ಹೆರಿಗೆ ನೋವು ಬಂದ ಹೆಂಗಸರನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಶೃಂಗೇರಿಗೆ ಓಡಿಸುವುದು ಎಲ್ಲ ಅವನದೇ. ಅವನ ಗಾಡಿಯಲ್ಲೇ ಹುಟ್ಟಿದ ಒಂದು ಮಗು ಈಗ ಕಾಲೇಜಿಗೆ ಹೋಗುತ್ತದೆ. ಫೋರ್ ವೀಲ್ ಇದ್ದದ್ದರಿಂದ ಬೇರೆ ಯಾರೂ ಹೋಗದ ಕಡೆ ಅವನು ಹೋಗುತ್ತಿದ್ದ. ಹೋಗಲಾರೆ ಎಂದು ಯಾರಿಗೂ ಹೇಳಿದವನಲ್ಲ.

ಆಮೇಲೆ ಕಣ್ಣು ಮಂಜಾಯಿತು. ಡಾಕ್ಟರು ಇನ್ನು ಗಾಡಿ ಬಿಡಬೇಡಿ ಅಂದ ವಾರವೇ ಬೈರಪ್ಪ ಹೆಂಡತಿಯನ್ನು ಕೊಯ್ಲಾದ ಗದ್ದೆಗೆ ಕರೆದುಕೊಂಡು ಹೋಗಿ ಡ್ರೈವರ್ ಸೀಟಿನಲ್ಲಿ ಕೂರಿಸಿದ. "ಕ್ಲಚ್ಚು ಸಟ್ಟನೆ ಬಿಡಬ್ಯಾಡ ಮಾರಾಯ್ತಿ. ಕೆಚ್ಚಲಿಗೆ ಕೈ ಹಾಕ್ದಂಗೆ, ಮೆತ್ತಗೆ," ಅಂದ. ಆಗ ಅವಳಿಗೆ ನಲವತ್ತೆಂಟು. ಬದುಗಳನ್ನು ಮುರಿದು, ಒಂದು ಸಲ ಹುಲ್ಲು ಬಣವೆಗೆ ನುಗ್ಗಿಸಿ, ಕಡೆಗೆ ಕಲಿತಳು. ಚಿಕ್ಕಮಗಳೂರಿಗೆ ಹೋಗಿ ಲೈಸೆನ್ಸಿನ ಟೆಸ್ಟಿಗೆ ನಿಂತಾಗ ಸಾಲಿನಲ್ಲಿದ್ದವರು, "ಅಮ್ಮ, ಟೆಸ್ಟು ಮಗನಿಗಾ?" ಎಂದು ಕೇಳಿದ್ದರು. "ನಂಗೇ," ಅಂದಿದ್ದಳು. ನಗಲು ಹೋಗಿರಲಿಲ್ಲ. ಅವಳಿಗೆ ಆಗಲೇ ನಗು ಕಡಿಮೆಯಾಗಿತ್ತು.

ಟಾರು ರಸ್ತೆಯ ಕಷ್ಟ ದೊಡ್ಡದಲ್ಲ. ಕಷ್ಟವೆಲ್ಲ ಟಾರು ಮುಗಿದ ಮೇಲೆ, ಮನೆಗೆ ಹೋಗುವ ಏರಿನಲ್ಲಿತ್ತು. ಹಳ್ಳ ದಾಟಿದ ಕೂಡಲೇ ದಾರಿಯ ನಟ್ಟ ನಡುವೆ ಒಂದು ಬಂಡೆ. ಊರಿನವರು ಅದನ್ನು ಆನೆಬೆನ್ನು ಎನ್ನುತ್ತಾರೆ. ಮೇಲೆ ಕಾಣುವುದು ಬೆನ್ನಷ್ಟೇ, ಒಳಗೆ ಎಷ್ಟಿದೆಯೋ ಬಲ್ಲವರಿಲ್ಲ. ಒಂದು ಸಲ ಎಲ್ಲ ಸೇರಿ ಸುತ್ತಿಗೆ, ಉಳಿ ತಂದು ಕಡಿದು ನೋಡಿದ್ದರು. ಉಳಿಯ ಬಾಯಿ ಹೋಯಿತು, ಬಂಡೆಗೆ ಏನೂ ಆಗಲಿಲ್ಲ. ಎರಡೂ ಬದಿಗೆ ಕಲ್ಲು ಮಣ್ಣು ತುಂಬಿ ಚಕ್ರದ ದಾರಿ ಎತ್ತರಿಸಿದರೆ ಮುಂದಿನ ಮಳೆಗೆ ಅದೂ ಕೊಚ್ಚಿಕೊಂಡು ಹೋಗುತ್ತಿತ್ತು. ಹೀಗೆ ಚಕ್ರದ ದಾರಿ ವರ್ಷ ವರ್ಷ ಇಳಿಯುತ್ತಾ, ಬಂಡೆ ಇದ್ದಲ್ಲೇ ಇದ್ದೂ ಎತ್ತರವಾಗುತ್ತಾ ಬಂದಿತ್ತು. ಬೈರಪ್ಪ ಒಂದು ಬದಿಯ ಚಕ್ರವನ್ನು ಬಂಡೆಯ ಮೇಲೇ ಹತ್ತಿಸಿ ದಾಟಿಸುತ್ತಿದ್ದ. ದೇವಕಿಗೂ ಅದನ್ನೇ ಕಲಿಸಿದ್ದ. ಆದರೆ ಓರೆಯಾದ ಗಾಡಿಯಲ್ಲಿ ಹಿಂದೆ ಮಲಗಿದ ಅವನು ಉರುಳಿ ಬೀಳುತ್ತಿದ್ದುದರಿಂದ ಅವಳು ಈಗ ನೇರವಾಗಿಯೇ ಹೋಗುತ್ತಿದ್ದಳು. ಪ್ರತಿ ಸಲವೂ ಗಾಡಿಯ ಹೊಟ್ಟೆ ಬಂಡೆಗೆ ಉಜ್ಜಿ ಕಿರ್ರೆಂದು ಸದ್ದಾಗುತ್ತಿತ್ತು. ಆ ಸದ್ದಿಗೆ ಅವಳ ಹಲ್ಲು ಜುಮ್ಮೆನ್ನುತ್ತಿತ್ತು.

ಮಾಘದ ಒಂದು ಶುಕ್ರವಾರ ಸಂಜೆ ಉಜ್ಜುವ ಸದ್ದಿನ ಬದಲು ಟಪ್ ಎಂದಿತು. ಅವಳು ಇಳಿದು ಬಗ್ಗಿ ನೋಡಿದಳು. ಇಂಜಿನ್ನಿನ ಅಡಿಯ ಆಯಿಲ್ ಚೇಂಬರ್ ಒಡೆದು ಕರಿ ಎಣ್ಣೆ ಬಂಡೆಯ ಮೇಲೆ ಧಾರಾಕಾರವಾಗಿ ಇಳಿಯುತ್ತಿತ್ತು. ಓಡಿಹೋಗಿ ಇಂಜಿನ್ ಆಫ್ ಮಾಡಿದಳು.

"ಚೇಂಬರ್ ಹೋಯ್ತಾ?" ಹಿಂದಿನಿಂದ ಬೈರಪ್ಪ ಕೇಳಿದ. ಡಯಾಲಿಸಿಸ್ ಆದ ದಿನ ಅವನ ಮಾತು ಬಾವಿಯೊಳಗಿಂದ ಬಂದಂತೆ ಬರುತ್ತಿತ್ತು.

"ಹೋಯ್ತು."

"ಹೂಂ," ಅಂದು ಅವನು ಕಣ್ಣು ಮುಚ್ಚಿದ.

ಫೋನಿಗೆ ಅಲ್ಲಿ ಸಿಗ್ನಲ್ ಇಲ್ಲ. ದೇವಕಿ ಏರು ಹತ್ತಿ ಹೋಗಿ ನಾಲ್ಕು ಜನರನ್ನು ಕರೆದುಕೊಂಡು ಬಂದಳು. ಅವರು ಒಂದು ಪ್ಲಾಸ್ಟಿಕ್ ಕುರ್ಚಿಗೆ ಎರಡು ಬಿದಿರು ಕಟ್ಟಿ ಅದರಲ್ಲಿ ಬೈರಪ್ಪನನ್ನು ಕೂರಿಸಿ ಹೊತ್ತರು. ಹೊತ್ತವರಲ್ಲಿ ಇಬ್ಬರ ತಾಯಂದಿರನ್ನು ಅವನೇ ಹೆರಿಗೆಗೆ ಕರೆದುಕೊಂಡು ಹೋಗಿದ್ದ. ದಾರಿಯುದ್ದ ಅವರು ಏನೇನೋ ತಮಾಷೆ ಮಾಡಿದರು. ಬೈರಪ್ಪ ಕುರ್ಚಿಯ ಹಿಡಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದನೆಂದರೆ ಮನೆ ಮುಟ್ಟಿದ ಮೇಲೆ ದೇವಕಿ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಮರುದಿನ ಕೊಪ್ಪದಿಂದ ಮೆಕ್ಯಾನಿಕ್ ಗಣಪತಿ ಬೈಕಿನಲ್ಲಿ ಬಂದ. ಬೈರಪ್ಪನ ಗಾಡಿಯನ್ನು ಮೊದಲಿನಿಂದಲೂ ನೋಡಿಕೊಂಡವನು ಅವನೇ. ಚೇಂಬರ್ ಬಿಚ್ಚಿ, ಕಿಗ್ಗಕ್ಕೆ ಒಯ್ದು ವೆಲ್ಡಿಂಗ್ ಮಾಡಿಸಿ ತಂದು ಮತ್ತೆ ಕೂರಿಸಿದ. ಕೆಲಸ ಮುಗಿದ ಮೇಲೂ ಗಾಡಿಯ ಅಡಿಯಿಂದ ಎದ್ದು ಬರಲಿಲ್ಲ.

"ದೇವಕಕ್ಕ, ಇಲ್ಲಿ ಬಗ್ಗಿ ನೋಡಿ," ಅಂದ. "ಗಾಡಿ ಭಾರ ಹೊರೋ ಈ ಕಮಾನು ಪೂರಾ ಕೂತುಬಿಟ್ಟಿದೆ. ಇದು ಬಾಗಿರಬೇಕಾದ್ದು, ಈಗ ಒನಕೆ ಹಂಗೆ ನೆಟ್ಟಗಾಗಿದೆ. ವೆಲ್ಡಿಂಗ್ ಎಷ್ಟು ಸಲ ಮಾಡ್ಸೋದು? ಗಾಡಿನೇ ಎತ್ತಿಬಿಡಾಣ."

"ಎತ್ತೋದು ಅಂದ್ರೆ?"

"ಕಮಾನಿಗೆ ಬೇರೆ ಪ್ಲೇಟು ಹಾಕಿ, ಅದನ್ನ ಛಾಸಿಗೆ ಹಿಡಿಯೋ ಶ್ಯಾಕಲ್ ಉದ್ದದ್ದು ಕೊಟ್ಟು, ಬಾಡಿನ ಚಕ್ರದಿಂದ ಮೇಲೆ ತರೋದು. ಕಾಡು ಮೇಡು ಓಡ್ಸೋ ಹುಡುಗ್ರು ಷೋಕಿಗೆ ಮಾಡಿಸ್ತಾರೆ, ಜಾಸ್ತಿ ಎತ್ತಿಸ್ತಾರೆ. ನಾನು ಅಷ್ಟು ಮಾಡಲ್ಲ, ಎಫ್.ಸಿ.ಗೆ ಗಾಡಿ ತೋರ್ಸೋ ಟೈಮಲ್ಲಿ ಕೇಳ್ತಾರೆ. ಕಂಪನಿ ಎತ್ತರದ ಮೇಲೆ ಎರಡಿಂಚು. ಈ ಬಂಡೆಗೆ ಅಷ್ಟು ಸಾಕು."

ದೇವಕಿ ಬಂಡೆಯ ಮೇಲೇ ಕೂತು ಯೋಚಿಸಿದಳು. ಮಗಳು ಕಾವ್ಯ ಎನ್.ಆರ್. ಪುರದಲ್ಲಿ ಗಂಡನ ಜೊತೆ ಇದ್ದಳು. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ. "ಅಲ್ಲೇ ಒದ್ದಾಡೋದು ಯಾಕಮ್ಮ, ಇಲ್ಲಿಗೆ ಬಂದುಬಿಡಿ, ಕೊಪ್ಪ ಹತ್ರ ಆಗುತ್ತೆ," ಎಂದು ಪ್ರತಿ ಫೋನಿನಲ್ಲೂ ಅನ್ನುತ್ತಿದ್ದಳು. ತಪ್ಪು ಮಾತಲ್ಲ. ಆದರೆ ದನ ಇತ್ತು, ಗದ್ದೆ ಇತ್ತು. ಇನ್ನೂ ಒಂದು ಕಾರಣವಿತ್ತು, ಅದನ್ನು ದೇವಕಿ ಮಗಳಿಗೆ ಹೇಳಿರಲಿಲ್ಲ. ಊರು ಬಿಟ್ಟ ದಿನ ಬೈರಪ್ಪ ಬದುಕುವುದನ್ನೂ ಬಿಡುತ್ತಾನೆ ಎಂದು ಅವಳಿಗೆ ಅನ್ನಿಸಿತ್ತು. ಮಿಷನ್ನಿನಿಂದ ಎದ್ದ ಮೇಲೆ ಅವನು ಪ್ರತಿ ಸಲ ಕೇಳುತ್ತಿದ್ದುದು ಒಂದೇ ಮಾತು: "ಮನೆಗೆ ಅಲ್ದಾ?"

"ಎತ್ತಿಸಿ," ಅಂದಳು ಗಣಪತಿಗೆ.

ಸಂಜೆ ಗಂಡನಿಗೆ ಹೇಳಿದಾಗ ಅವನು ಜಗಲಿಯ ಕಂಬಕ್ಕೆ ಒರಗಿದವನು ಎದ್ದು ಕೂತ.

"ಬ್ಯಾಡ."

"ಯಾಕೆ?"

"ಎತ್ತರ ಆದ ಗಾಡಿ ಮಗುಚುತ್ತೆ. ತಿರುವಲ್ಲಿ ತೂಗಾಡುತ್ತೆ. ನಿಂಗೆ ಹಿಡಿಯಕ್ಕಾಗಲ್ಲ."

"ಎರಡಿಂಚಿಗೆ ಮಗುಚಲ್ಲ ಅಂತ ಗಣಪತಣ್ಣ ಅಂದ್ರು."

"ಗಣಪತಿಗೆ ಎಂತ ಗೊತ್ತು? ಇಪ್ಪತ್ತು ವರ್ಷ ಓಡಿಸಿದವನು ನಾನು."

"ಮತ್ತೆ ಕುರ್ಚಿಲಿ ಹೊತ್ಕೊಂಡು ಬರಾದಾ?" ಎಂಬ ಮಾತು ಅವಳ ಬಾಯಿಂದ ಬಂದೇ ಬಿಟ್ಟಿತು. ಬಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಬೈರಪ್ಪ ಗೋಡೆಯ ಕಡೆ ತಿರುಗಿ ಮಲಗಿದ. ಆ ರಾತ್ರಿ ಊಟಕ್ಕೂ ಏಳಲಿಲ್ಲ.

ಮುಂದಿನ ಮಂಗಳವಾರ ಡಯಾಲಿಸಿಸ್ ಮುಗಿಸಿ ಅವನನ್ನು ಎನ್.ಆರ್. ಪುರಕ್ಕೆ ಕರೆದೊಯ್ದು ಕಾವ್ಯಳ ಮನೆಯಲ್ಲಿ ಬಿಟ್ಟಳು. ಬುಧವಾರ ಬೆಳಿಗ್ಗೆ ಗಾಡಿಯನ್ನು ಕೊಪ್ಪದ ಗಣಪತಿಯ ಶೆಡ್ಡಿಗೆ ತಂದಳು. ದನಕ್ಕೆ ಹುಲ್ಲು ನೀರು ನೋಡಿ ಹಾಲು ಕರೆಯಲು ಪಕ್ಕದ ಮನೆಯವರಿಗೆ ಹೇಳಿಯಾಗಿತ್ತು. ಶುಕ್ರವಾರ ಬೆಳಿಗ್ಗೆಯೊಳಗೆ ಗಾಡಿ ಆಗಲೇಬೇಕು.

ಗಣಪತಿ ಛಾಸಿಯ ಕೆಳಗೆ ಜಾಕ್ ಕೊಟ್ಟು ಎತ್ತಿ, ಮರದ ದಿಮ್ಮಿಗಳನ್ನು ಆನಿಸಿ, ನಾಲ್ಕೂ ಚಕ್ರ ಬಿಚ್ಚಿದ. ಚಕ್ರವಿಲ್ಲದ ಗಾಡಿ ನೋಡಿ ದೇವಕಿ ಮುಖ ಆಚೆ ತಿರುಗಿಸಿದಳು. ಡಯಾಲಿಸಿಸ್ ಶುರುವಾದ ಹೊಸದರಲ್ಲಿ ಅಂಗಿ ತೆಗೆದು ಮಂಚದ ಮೇಲೆ ಮಲಗಿದ್ದ ಬೈರಪ್ಪನನ್ನು ಬಾಗಿಲ ಸಂದಿಯಿಂದ ನೋಡಿದಾಗಲೂ ಹೀಗೇ ಮಾಡಿದ್ದಳು. ಅವಳು ಸೆರಗು ಸಿಕ್ಕಿಸಿಕೊಂಡು ಸ್ಪ್ಯಾನರ್ ಕೊಡಲು ನಿಂತಳು.

"ನೀವು ಕೂತ್ಕಳಿ ಅಕ್ಕ," ಅಂದ ಗಣಪತಿ.

"ಕೂತು ಕೂತು ಸಾಕಾಗಿದೆ ಮಾರಾಯ. ಆಸ್ಪತ್ರೆ ಬೆಂಚಿನ ಮೇಲೆ ಕೂರೋದೇ ಆಗಿದೆ ನಂಗೆ. ಹನ್ನೆರಡಾ, ಹದಿನಾಲ್ಕಾ, ಯಾವ್ದು ಬೇಕು ಹೇಳಿ."

ಕಮಾನನ್ನು ಅಚ್ಚಿಗೆ ಬಿಗಿದಿದ್ದ ಯು-ಬೋಲ್ಟುಗಳು ತುಕ್ಕು ತಿಂದು ಒಂದಾಗಿದ್ದವು. ಸೀಮೆಎಣ್ಣೆ ಸುರಿದು ಕಾದರು. ಪೈಪು ತೂರಿಸಿ ಇಬ್ಬರೂ ಸೇರಿ ಎಳೆದರು. ಕೊನೆಗೆ ಗ್ಯಾಸ್ ಕಟ್ಟರ್ ತರಿಸಿ ಕತ್ತರಿಸಬೇಕಾಯಿತು. ಹಳೆ ಕಮಾನು ಕಳಚಿ ನೆಲಕ್ಕೆ ಬಿದ್ದಾಗ ಅದರ ಪ್ಲೇಟುಗಳ ನಡುವಿನಿಂದ ಕೆಂಪು ಮಣ್ಣು ಹೆಂಟೆ ಹೆಂಟೆಯಾಗಿ ಉದುರಿತು. ಗಣಪತಿ ಶಿವಮೊಗ್ಗದಿಂದ ತರಿಸಿದ್ದ ಪ್ಲೇಟನ್ನು ಅದರ ಪಕ್ಕದಲ್ಲಿಟ್ಟ. ಹೊಸದು ಬಿಲ್ಲಿನಂತೆ ಬಾಗಿತ್ತು, ಹಳೆಯದು ಚಪ್ಪಟೆ. "ಬೈರಪ್ಪಣ್ಣ ಜನ ಹೊತ್ತದ್ದು ಒಂದೆರಡಾ," ಅಂದು ಅವನು ತಲೆಯಾಡಿಸಿದ.

ಎತ್ತುವುದೆಂದರೆ ಕಮಾನು ಬದಲಾಯಿಸಿದರೆ ಮುಗಿಯಿತು ಎಂದುಕೊಂಡಿದ್ದಳು ದೇವಕಿ. ಒಂದನ್ನು ಎತ್ತಿದರೆ ಅದಕ್ಕೆ ಅಂಟಿಕೊಂಡದ್ದೆಲ್ಲ ಸಾಲದೇ ಬರುತ್ತಿತ್ತು. ಶಾಕ್ ಅಬ್ಸಾರ್ಬರ್ ಉದ್ದದ್ದು ಬೇಕು. ಬ್ರೇಕಿನ ಹೋಸ್ ಉದ್ದದ್ದು ಬೇಕು, ಇಲ್ಲದಿದ್ದರೆ ಚಕ್ರ ಗುಂಡಿಗೆ ಇಳಿದಾಗ ಹೋಸ್ ಎಳೆದು ಹರಿದು ಬ್ರೇಕೇ ಹೋದೀತು. ಇಂಜಿನ್ನಿನಿಂದ ಚಕ್ರಕ್ಕೆ ಹೋಗುವ ಶಾಫ್ಟು ಹೆಚ್ಚು ಓರೆಯಾಗುವುದರಿಂದ ಅಚ್ಚಿನ ಅಡಿಗೆ ಕಬ್ಬಿಣದ ಬೆಣೆ ಕೊಟ್ಟು ಅದರ ಮುಖವನ್ನು ಸ್ವಲ್ಪ ಮೇಲಕ್ಕೆ ತಿರುಗಿಸಬೇಕು. ಗಣಪತಿ ಒಂದೊಂದನ್ನೂ ತೋರಿಸಿ ಹೇಳುತ್ತಿದ್ದ. ಅವಳು ಹೂಂಗುಟ್ಟುತ್ತಿದ್ದಳು.

ಗುರುವಾರ ಮಧ್ಯಾಹ್ನ ಊಟ ಮಾಡಿ ಬಂದವಳು ಗೋಡೆಯ ಬದಿಗೆ ಪೇರಿಸಿದ್ದ ಹಳೆ ಟಯರುಗಳ ಮೇಲೆ ಒಂದು ನಿಮಿಷ ಕೂತಳು. ಎದುರಿಗೆ ಗಣಪತಿ ಶ್ಯಾಕಲ್ಲಿನ ಪಿನ್ನನ್ನು ಸುತ್ತಿಗೆಯಲ್ಲಿ ಹೊಡೆಯುತ್ತಿದ್ದ. ತಗಡಿನ ಮಾಡಿನ ಶೆಡ್ಡು ಪ್ರತಿ ಏಟಿಗೂ ನಡುಗುತ್ತಿತ್ತು. ಆ ಸದ್ದಿನ ನಡುವೆಯೇ ಅವಳಿಗೆ ನಿದ್ದೆ ಹತ್ತಿತು. ಎಂಥ ನಿದ್ದೆ ಅಂದರೆ, ಕತ್ತು ವಾಲಿ, ಬಾಯಿ ತೆರೆದು, ಸೆರಗು ನೆಲಕ್ಕೆ ಜಾರಿ. ಮನೆಯಲ್ಲಿ ಬೈರಪ್ಪ ಮಗ್ಗುಲಾದರೂ ಎಚ್ಚರವಾಗುತ್ತಿದ್ದವಳು. ಆಸ್ಪತ್ರೆಯ ಬೆಂಚಿನ ಮೇಲೆ ಒಳಗಿನ ಮಿಷನ್ನು ಕುಂಯ್ ಅಂದರೂ ಎದ್ದು ನಿಲ್ಲುತ್ತಿದ್ದವಳು. ಇಲ್ಲಿ ಇಷ್ಟು ಹೊಡೆತಕ್ಕೂ ಏಳಲಿಲ್ಲ. ಇಲ್ಲಿ ಯಾವ ಸದ್ದೂ ಅವಳನ್ನು ಕರೆಯುತ್ತಿರಲಿಲ್ಲ. ಎಚ್ಚರವಾದಾಗ ಬಿಸಿಲು ಶೆಡ್ಡಿನ ಬಾಗಿಲು ದಾಟಿ ಹೋಗಿತ್ತು, ಗಣಪತಿ ಕೈ ಒರೆಸಿಕೊಳ್ಳುತ್ತಾ ನಿಂತಿದ್ದ.

"ಎಬ್ಬಿಸಾದಲ್ವಾ?" ಅವಳಿಗೆ ನಾಚಿಕೆಯಾಯಿತು.

"ಮನಸ್ಸು ಬರ್ಲಿಲ್ಲ," ಅಂದ.

ಗಾಡಿ ನಾಲ್ಕೂ ಚಕ್ರದ ಮೇಲೆ ನಿಂತಿತ್ತು. ದೇವಕಿಗೆ ಗುರುತೇ ಸಿಗಲಿಲ್ಲ. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮೊದಲು ಕೈ ತೂರುತ್ತಿರಲಿಲ್ಲ, ಈಗ ಒಂದು ಚೊಂಬೇ ಇಡಬಹುದಿತ್ತು. ಓಡಿಸಿಕೊಂಡು ಎನ್.ಆರ್. ಪುರದ ಕಡೆ ಹೊರಟಾಗ ಬೇಲಿಗಳಾಚೆಯ ಅಂಗಳಗಳು ಕಂಡವು. ತಿರುವಿನಲ್ಲಿ ಗಾಡಿ ಸ್ವಲ್ಪ ವಾಲುತ್ತಿತ್ತು, ಬೈರಪ್ಪ ಹೇಳಿದ್ದು ಸುಳ್ಳಲ್ಲ. ನಿಧಾನ ಮಾಡಿದರೆ ಸರಿಹೋಗುತ್ತಿತ್ತು. ಅವಳಿಗೆ ಬಹಳ ದಿನಗಳ ಮೇಲೆ ಒಂದು ಕೆಲಸ ಮುಗಿಸಿದ ಸಮಾಧಾನವಾಯಿತು.

ಆ ಸಮಾಧಾನ ಶುಕ್ರವಾರ ಬೆಳಿಗ್ಗೆಯವರೆಗೆ ಉಳಿಯಿತು.

ಕಾವ್ಯ ಅಪ್ಪನ ತೋಳು ಹಿಡಿದು ಬಾಗಿಲಿಗೆ ಕರೆತಂದಳು. ಬೈರಪ್ಪ ಗಾಡಿಯನ್ನು ನೋಡಿ ಹೊಸ್ತಿಲಲ್ಲೇ ನಿಂತ. ಆಮೇಲೆ ಮೆಲ್ಲಗೆ ಬಂದು, ಬಾಗಿಲು ತೆಗೆದು, ಬಲಗಾಲನ್ನು ಎತ್ತಿದ. ಕಾಲು ಗಾಡಿಯ ನೆಲದವರೆಗೆ ಹೋಗಲಿಲ್ಲ. ಕೆಳಗಿಟ್ಟು, ಇನ್ನೊಮ್ಮೆ ಎತ್ತಿದ. ಬಲಗೈಯಲ್ಲಿ ಸೀಟನ್ನು ಹಿಡಿದು ಮೈ ಎಳೆದುಕೊಳ್ಳಲು ನೋಡಿದ. ಎಡಗೈಯನ್ನು ಬಳಸುವಂತಿರಲಿಲ್ಲ, ಡಯಾಲಿಸಿಸ್ ಸೂಜಿಗಾಗಿ ಆ ತೋಳಿನ ರಕ್ತನಾಳ ಕೂಡಿಸಿ ಆಪರೇಷನ್ ಮಾಡಿದ್ದರು, ಅದರ ಮೇಲೆ ಭಾರ ಹಾಕಬಾರದೆಂದು ಕಟ್ಟುನಿಟ್ಟಾಗಿ ಹೇಳಿದ್ದರು. ಒಂದೇ ಕೈಗೆ ಮೈ ಏಳಲಿಲ್ಲ. ಕಾವ್ಯ ಒಳಗಿನಿಂದ ಹೊಲಿಗೆ ಮಿಷನ್ನಿನ ಸ್ಟೂಲು ತಂದಿಟ್ಟಳು. ಅದರ ಮೇಲೆ ಕಾಲಿಟ್ಟ ಕೂಡಲೇ ಸ್ಟೂಲು ಓಲಾಡಿ, ಅವನು ಮಗಳ ಮೈಮೇಲೆ ವಾಲಿದ. ಎದುರು ಮನೆಯವರು ಹಲ್ಲುಜ್ಜುತ್ತಾ ನಿಂತು ನೋಡುತ್ತಿದ್ದರು.

"ನಾನು ಮೊದಲೇ ಬ್ಯಾಡ ಅಂದಿದ್ದೆ," ಅಂದ ಬೈರಪ್ಪ. "ನನ್ನ ಮಾತು ಯಾರಿಗೆ ಬೇಕು ಈಗ?"

ದೇವಕಿಯ ಒಳಗೆ ಎಲ್ಲಿಯದೋ ಒಂದು ಕಟ್ಟೆ ಒಡೆಯಿತು.

"ನೀವು ಅಂದದ್ದು ಮಗುಚುತ್ತೆ ಅಂತ! ಹತ್ತಕ್ಕಾಗಲ್ಲ ಅಂತ ಎಲ್ಲಿ ಅಂದ್ರಿ? ಒಂದು ಮಾತು ಬಾಯಿ ಬಿಟ್ಟು ಹೇಳಿದ್ರೆ ಆಗ್ತಿರ್ಲಿಲ್ವಾ? ಎಲ್ಲ ನಾನೇ ತಿಳ್ಕಬೇಕಾ? ನಿಮ್ಮ ಕಾಲು, ನಿಮ್ಮ ಕಣ್ಣು, ನಿಮ್ಮ ಮನಸ್ಸು, ಗಾಡಿ, ದನ, ಬಂಡೆ, ಎಲ್ಲದನ್ನೂ ನಾನೇ?"

"ಅಮ್ಮ, ಸಾಕು," ಅಂದಳು ಕಾವ್ಯ.

"ಸಾಕು. ನಂಗೂ ಸಾಕಾಗಿದೆ," ಎಂದು ದೇವಕಿ ಗಾಡಿಯ ಮಗ್ಗುಲಿಗೆ ಹಣೆ ಆನಿಸಿ ನಿಂತಳು. ತಗಡು ತಣ್ಣಗಿತ್ತು. ಅಳು ಬಂದೀತೆಂದುಕೊಂಡಳು, ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಸೆರಗಿನಿಂದ ಮುಖ ಒರೆಸಿ, "ನಡೀರಿ, ಹೊತ್ತಾಯ್ತು," ಅಂದಳು. ಎದುರು ಮನೆಯವರು ಬಾಯಿ ಮುಕ್ಕಳಿಸಿ ಬಂದರು. ಎಲ್ಲ ಸೇರಿ ಅವನನ್ನು ಎತ್ತಿ ಒಳಗೆ ಕೂರಿಸಿದರು. ಕೊಪ್ಪದ ಆಸ್ಪತ್ರೆಯ ಬಾಗಿಲಲ್ಲಿ ಅಟೆಂಡರುಗಳು ಇಳಿಸಿಕೊಂಡರು.

ಅವನನ್ನು ಮಿಷನ್ನಿಗೆ ಹಾಕಿದ ಮೇಲೆ ದೇವಕಿ ನೇರ ಶೆಡ್ಡಿಗೆ ಬಂದಳು. ಗಣಪತಿ ಕೇಳಿಸಿಕೊಂಡು ಹಣೆ ಚಚ್ಚಿಕೊಂಡ.

"ಛೆ. ನಂಗೆ ಹೊಳೀಲೇ ಇಲ್ಲ ನೋಡಿ. ನಾನು ಎತ್ತಿದ್ದು ಎರಡಿಂಚೇ, ಆದ್ರೆ ಕಂಪನಿ ಎತ್ತರದ ಮೇಲೆ. ಹಳೆ ಕಮಾನು ಅದಕ್ಕಿಂತ ಎಷ್ಟೋ ಕೆಳಗೆ ಕೂತಿತ್ತಲ್ಲ, ಅದೂ ಸೇರಿ ಅರ್ಧ ಗೇಣು ಮೇಲೆ ಹೋಗಿದೆ."

ದೇವಕಿ ಗಾಡಿಯನ್ನು ನೋಡಿದಳು. ಕಮಾನು ಕೂತದ್ದು ಒಂದೇ ದಿನದಲ್ಲಲ್ಲ. ಬೈರಪ್ಪನ ಕಾಲಿನ ಶಕ್ತಿ ಇಳಿದದ್ದೂ ಹಾಗೆಯೇ. ವರ್ಷ ವರ್ಷ ಗಾಡಿ ಅವನ ಜೊತೆಗೇ ತಗ್ಗುತ್ತಾ ಬಂದಿತ್ತು, ಹಾಗಾಗಿ ಅವನಿಗೆ ಹತ್ತಲು ಆಗುತ್ತಿತ್ತು. ಯಾರಿಗೂ ಅದು ತಿಳಿದಿರಲಿಲ್ಲ. ಬಹುಶಃ ಅವನೊಬ್ಬನಿಗೆ ತಿಳಿದಿತ್ತು.

"ವಾಪಸು ಇಳಿಸಿಬಿಡ್ಲಾ?" ಗಣಪತಿ ಕೇಳಿದ.

"ಇಳಿಸಿದ್ರೆ ಬಂಡೆ?"

"ಹಂಗಾದ್ರೆ ಬಾಗಿಲ ಕೆಳಗೆ ಒಂದು ಮೆಟ್ಟಿಲು ವೆಲ್ಡ್ ಮಾಡಾಣ."

"ಅದು ಕೆಳಗೆ ಜೋತುಬಿದ್ರೆ ಬಂಡೆಗೆ ಅದೇ ಮೊದಲು ತಾಗಾದು."

ಇಬ್ಬರೂ ಗಾಡಿಯ ಸುತ್ತ ಒಂದು ಸುತ್ತು ಬಂದರು. ಕೊನೆಗೆ ಮಡಚುವ ಮೆಟ್ಟಿಲೇ ಗತಿ ಎಂದಾಯಿತು. ಹತ್ತುವಾಗ ಬಿಚ್ಚಿ ಕೆಳಗಿಳಿಸುವುದು, ಹತ್ತಿದ ಮೇಲೆ ಮೇಲಕ್ಕೆ ಮಡಚಿ ಕೊಕ್ಕೆ ಹಾಕುವುದು. ಗಣಪತಿ ಉಳಿದ ಕೆಲಸ ಬಿಟ್ಟು ಕೂತು ಕಬ್ಬಿಣದ ಪಟ್ಟಿ ಕತ್ತರಿಸಿ ಎರಡು ಹಂತದ ಮೆಟ್ಟಿಲು ಮಾಡಿದ, ಗಟ್ಟಿ ಕೀಲು ಕೊಟ್ಟು ಬಾಗಿಲ ಅಡಿಗೆ ಕೂರಿಸಿದ. ಬಾಗಿಲ ಚೌಕಟ್ಟಿನೊಳಗೆ ಬಲಗೈಗೆ ಸಿಗುವಂತೆ ಒಂದು ಹಿಡಿಯನ್ನೂ ವೆಲ್ಡ್ ಮಾಡಿದ. ದೇವಕಿ ತಾನೇ ಹತ್ತಿ ಇಳಿದು ನೋಡಿದಳು. ಮೆಟ್ಟಿಲು ಅಲ್ಲಾಡಲಿಲ್ಲ. ಆದರೆ ಇನ್ನು ಮುಂದೆ ಪ್ರತಿ ಸಲ ತಾನು ಇಳಿದು, ಸುತ್ತಿ ಬಂದು, ಬಗ್ಗಿ ಬಿಚ್ಚಿ, ಹತ್ತಿಸಿ, ಮತ್ತೆ ಬಗ್ಗಿ ಮಡಚಬೇಕು. ಇರುವ ಕೆಲಸಕ್ಕೆ ಇನ್ನೊಂದು ಸೇರಿತು. ಸೊಂಟಕ್ಕೆ ಕೈ ಕೊಟ್ಟು ನೆಟ್ಟಗಾದಳು.

ಸಂಜೆ ಬೈರಪ್ಪ ಆಸ್ಪತ್ರೆಯ ಮುಂದೆ ಮೆಟ್ಟಿಲನ್ನು ನೋಡಿದ. ಅದರ ಮೇಲೆ ಕಾಲಿಟ್ಟ. ಹಿಡಿಯನ್ನು ಹುಡುಕಿ ಹಿಡಿದ. ಒಂದು ಹಂತಕ್ಕೆ ನಿಂತು ಉಸಿರು ತೆಗೆದುಕೊಂಡ, ಇನ್ನೊಂದಕ್ಕೆ ಏರಿದ, ಸೀಟಿನಲ್ಲಿ ಕೂತ. ಹಿಂದೆ ಮಲಗುತ್ತೇನೆ ಅನ್ನಲಿಲ್ಲ, ಇವಳ ಪಕ್ಕದಲ್ಲೇ ಮುಂದೆ ಕೂತ. ದೇವಕಿ ಮೆಟ್ಟಿಲು ಮಡಚಿ ಕೊಕ್ಕೆ ಹಾಕಿದಳು.

ಶೃಂಗೇರಿ ದಾಟಿ ಕಿಗ್ಗದ ತಿರುವುಗಳಲ್ಲಿ ಗಾಡಿ ವಾಲಿದಾಗ ಅವನಿಗೆ ವಾಂತಿ ಬಂತು. ನಿಲ್ಲಿಸಿದಳು. ಬಾಯಿ ಒರೆಸಿ, ಒಂದು ಗುಟುಕು ನೀರು ಕೊಟ್ಟಳು. ಅವನಿಗೆ ದಿನಕ್ಕೆ ಕುಡಿಯುವ ನೀರೂ ಅಳತೆಯದೇ. ಗಾಡಿ ಮತ್ತೆ ಹೊರಟ ಮೇಲೆ ಅವನೇ ಮಾತು ತೆಗೆದ.

"ನಂಗೆ ಗೊತ್ತಿತ್ತು."

"ಎಂತ?"

"ಹತ್ತಕ್ಕಾಗಲ್ಲ ಅಂತ. ನೀನು ಹಾಲು ಕರೆಯಕ್ಕೆ ಹೋದಾಗ ನೋಡಿದ್ದೆ. ಜಗಲಿಗೆ ಎರಡು ಮೆಟ್ಟಿಲು ಇದೆಯಲ್ಲ, ಎರಡನ್ನೂ ಒಂದೇ ಸಲಕ್ಕೆ ಹತ್ತಿ ನೋಡಾಣ ಅಂತ. ಕಾಲು ಏಳ್ಲಿಲ್ಲ."

ದೇವಕಿ ಗೇರು ಬದಲಿಸಿದಳು. "ಹೇಳ್ಬೇಕಿತ್ತು."

"ಹೇಳಕ್ಕೆ ಬಾಯಿ ಬರಲಿಲ್ಲ ಮಾರಾಯ್ತಿ. ಕುರ್ಚಿಲಿ ಹೊತ್ತದ್ದೇ ಸಾಕಾಗಿತ್ತು." ಆಮೇಲೆ, "ಬೆಳಿಗ್ಗೆ ನೀನು ಅಂದದ್ದು ಸರಿ," ಅಂದ.

"ನಾನು ಬೀದಿಲಿ ನಿಂತು ಕೂಗಬಾರದಿತ್ತು."

"ಕೂಗು. ಕೂಗಿದ್ರೇ ನಿಂಗೂ ಜೀವ ಇದೆ ಅಂತ ಗೊತ್ತಾಗಾದು. ಈಚೆಗೆ ನೀನು ಮಾತೇ ಆಡಲ್ಲ. ನನ್ನನ್ನ ಇಳಿಸ್ತೀಯ, ಹತ್ತಿಸ್ತೀಯ, ಒರೆಸ್ತೀಯ. ನಂಗೆ ಅದೇ ಹೆದರಿಕೆ."

ಹೌದು, ಮಾತು ನಿಂತುಹೋಗಿತ್ತು. ಯಾವಾಗ ನಿಂತಿತೆಂದೂ ಅವಳಿಗೆ ನೆನಪಿಲ್ಲ. ರಸ್ತೆ ನೋಡುತ್ತಾ, "ಶೆಡ್ಡಿನಲ್ಲಿ ನಿನ್ನೆ ಟಯರಿನ ಮೇಲೆ ಕೂತಲ್ಲೇ ನಿದ್ದೆ ಹೋಗಿದ್ದೆ," ಎಂದಳು. "ಬಾಯಿ ತೆರ್ಕೊಂಡು."

ಬೈರಪ್ಪ ಸಣ್ಣಗೆ ನಕ್ಕ. "ಗೊರಕೆ ಹೊಡೆದ್ಯಾ?"

"ಗಣಪತಣ್ಣನ್ನ ಕೇಳ್ಬೇಕು."

ಟಾರು ಮುಗಿಯಿತು. ಹಳ್ಳದಲ್ಲಿ ನೀರು ಕಣಕಾಲಿಗೂ ಇರಲಿಲ್ಲ. ದೇವಕಿ ಫೋರ್ ವೀಲ್ ಹಾಕಿ, ಕ್ಲಚ್ಚು ಮೆತ್ತಗೆ ಬಿಟ್ಟು, ಏರಿಗೆ ಮುಖ ಮಾಡಿದಳು. ಬಂಡೆ ಹತ್ತಿರ ಬಂತು. ರೂಢಿಯಂತೆ ಅವಳು ಹಲ್ಲು ಕಚ್ಚಿ ಭುಜ ಬಿಗಿಹಿಡಿದಳು. ಚಕ್ರಗಳು ಎರಡೂ ಬದಿಯ ಹೊಂಡಕ್ಕೆ ಇಳಿದವು, ಗಾಡಿ ಒಮ್ಮೆ ಅಲ್ಲಾಡಿತು, ಮೇಲೆದ್ದಿತು. ಮುಂದೆ ಹೋಯಿತು. ಸದ್ದೇ ಆಗಲಿಲ್ಲ. ದಾಟಿದೆವೋ ಇಲ್ಲವೋ ಎಂದು ಅವಳು ಕನ್ನಡಿಯಲ್ಲಿ ಹಿಂದೆ ನೋಡಿದಳು. ಬಂಡೆ ಹಿಂದೆ ಉಳಿದಿತ್ತು.

"ಗಣಪತಿ ಕೆಲಸ ಸರಿಯಾಗೇ ಮಾಡಿದ್ದಾನೆ," ಅಂದ ಬೈರಪ್ಪ.

ಅದು ಎಲ್ಲ ಕಾಲಕ್ಕೂ ಸಿಕ್ಕ ಪರಿಹಾರವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಜೂನ್ ಬಂದರೆ ಹಳ್ಳ ತುಂಬುತ್ತದೆ, ತುಂಬಿದ ಹಳ್ಳಕ್ಕೆ ಎಷ್ಟು ಎತ್ತರದ ಗಾಡಿಯೂ ಸಾಲದು. ಆ ನಾಲ್ಕು ತಿಂಗಳು ಕಾವ್ಯಳ ಮನೆಗೇ ಹೋಗಬೇಕು. ಅದನ್ನು ಬೈರಪ್ಪ ಆ ಸಂಜೆ ತಾನಾಗಿಯೇ ಹೇಳಿದ. "ಮಳೆಗಾಲ ಮಗಳ ಮನೇಲಿ ಇರಾಣ. ಮಳೆ ಬಿಟ್ಟ ಮೇಲೆ ಬರಾಣ." ದೇವಕಿ ಹೂಂ ಅಂದಳು. ಬರುವುದು ಇಬ್ಬರೋ ಒಬ್ಬರೋ ಎಂದು ಮನಸ್ಸು ಕೇಳಿತು. ಅದಕ್ಕೆ ಅವಳು ಕಿವಿಗೊಡಲಿಲ್ಲ.

ಅಂಗಳದಲ್ಲಿ ಗಾಡಿ ನಿಲ್ಲಿಸಿ, ಸುತ್ತಿ ಬಂದು, ಮೆಟ್ಟಿಲು ಬಿಚ್ಚಿ ಅವನನ್ನು ಇಳಿಸಿದಳು. ಜಗಲಿಗೆ ಕರೆತಂದು ಕೂರಿಸಿದ ಮೇಲೆ ತಾನೂ ಅಲ್ಲೇ ಕೂತಳು. ದನ ಕೊಟ್ಟಿಗೆಯಿಂದ ಕೂಗುತ್ತಿತ್ತು. ಏಳಬೇಕು ಅಂದುಕೊಂಡಳು, ಕಾಲು ಕೇಳಲಿಲ್ಲ.

"ಕೂತ್ಕ," ಅಂದ ಬೈರಪ್ಪ. ಗೋಡೆ ಹಿಡಿದು, ಕಂಬ ಹಿಡಿದು, ಮೆಲ್ಲಗೆ ಒಳಗೆ ಹೋದ. ಪಾತ್ರೆಯ ಸದ್ದು, ಗ್ಯಾಸ್ ಲೈಟರಿನ ಸದ್ದು ಕೇಳಿತು. ಏನೋ ಬಿದ್ದಂತಾಯಿತು. ದೇವಕಿ ಅರ್ಧ ಎದ್ದು, ಮತ್ತೆ ಕೂತಳು. ಬಹಳ ಹೊತ್ತಾದ ಮೇಲೆ ಅವನು ಒಂದು ಲೋಟ ಕಾಫಿ ಹಿಡಿದುಕೊಂಡು ಬಂದ. ಅರ್ಧ ದಾರಿಯಲ್ಲೇ ಚೆಲ್ಲಿತ್ತು.

"ನಿಮಗೆ?"

"ಇವತ್ತಿನ ನನ್ನ ನೀರಿನ ಪಾಲು ಮುಗೀತು. ನೀನು ಕುಡಿ."

ಕಾಫಿಗೆ ಸಕ್ಕರೆ ಹಾಕಲು ಮರೆತಿದ್ದ. ದೇವಕಿ ಹೇಳಲಿಲ್ಲ, ನಿಧಾನವಾಗಿ ಅಷ್ಟನ್ನೂ ಕುಡಿದಳು. ಆಮೇಲೆ ಲೋಟ ಬದಿಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಾಲಿನ ಚೊಂಬು ತೆಗೆದುಕೊಂಡು ಕೊಟ್ಟಿಗೆಗೆ ಹೋದಳು.